1879ರ ವಲಸೆಗಾರರ ರೈಲು: ಸ್ಟೀವನ್ಸನ್ ಕಂಡ ಅಮೆರಿಕವನ್ನು ಓದಿದವರು ಇದ್ದೀರಾ?

ಬಸವನಗುಡಿ_ಓದುಗ:

ಎಲ್ಲರಿಗೂ ನಮಸ್ಕಾರ. ರಾಬರ್ಟ್ ಲೂಯಿ ಸ್ಟೀವನ್ಸನ್ ಅಂದರೆ ನಮ್ಮಲ್ಲಿ ಹೆಚ್ಚಿನವರಿಗೆ 'ಟ್ರೆಷರ್ ಐಲೆಂಡ್' ಎಂಬ ಕಡಲ್ಗಳ್ಳರ ಕತೆಯೇ ನೆನಪಾಗೋದು. ಆತ 1879ರಲ್ಲಿ ನ್ಯೂಯಾರ್ಕಿನಿಂದ ಸ್ಯಾನ್ ಫ್ರಾನ್ಸಿಸ್ಕೋವರೆಗೆ ರೈಲಿನಲ್ಲಿ ಹೋಗಿ ಬರೆದ 'ಅಕ್ರಾಸ್ ದ ಪ್ಲೇನ್ಸ್' ನನಗೆ ಅದಕ್ಕಿಂತ ಎಷ್ಟೋ ಹತ್ತಿರ. ಪುಟ ಕಡಿಮೆ, ಒಂದು ಸಂಜೆಯಲ್ಲಿ ಓದಿ ಮುಗಿಸಬಹುದು. ಬೇರೆ ಯಾರು ಓದಿದ್ದೀರಿ, ನಿಮಗೆ ಏನನ್ನಿಸಿತು ಅಂತ ಕೇಳಬೇಕು ಅನ್ನಿಸಿ ಬರೆಯುತ್ತಿದ್ದೇನೆ.

ಗೊತ್ತಿಲ್ಲದವರಿಗೆ ಸ್ವಲ್ಪ ಹಿನ್ನೆಲೆ. ಸ್ಟೀವನ್ಸನ್ ಸ್ಕಾಟ್ಲೆಂಡಿನ ಎಡಿನ್‌ಬರೋದವನು. ಫ್ರಾನ್ಸಿನಲ್ಲಿ ಫ್ಯಾನಿ ಆಸ್‌ಬೋರ್ನ್ ಎಂಬ ಅಮೆರಿಕದ ಹೆಂಗಸಿನ ಪರಿಚಯವಾಗಿ, ಪ್ರೀತಿಯಾಯಿತು. ಆಕೆಗೆ ಆಗಲೇ ಮದುವೆಯಾಗಿತ್ತು, ಮಕ್ಕಳಿದ್ದರು. 1878ರಲ್ಲಿ ಆಕೆ ಕ್ಯಾಲಿಫೋರ್ನಿಯಾಗೆ ವಾಪಸ್ ಹೋದಳು. ಮರುವರ್ಷ ಆಕೆಯಿಂದ ಒಂದು ತಂತಿ ಬಂತು. ಈತ ಅಪ್ಪ ಅಮ್ಮನಿಗೆ ಹೇಳದೆ ಹಡಗು ಹತ್ತಿದ. ಆಗ ಆತನಿಗೆ 28 ವರ್ಷ, ಆರೋಗ್ಯ ಮೊದಲಿನಿಂದಲೂ ಕೆಟ್ಟದ್ದು. ಕೈಯಲ್ಲಿ ದುಡ್ಡಿಲ್ಲ. ಹಾಗಾಗಿ ಅಮೆರಿಕದಲ್ಲಿ ಇಳಿದ ಮೇಲೆ ಎಲ್ಲಕ್ಕಿಂತ ಅಗ್ಗದ ವಲಸೆಗಾರರ ಗಾಡಿಯನ್ನೇ ಹಿಡಿದ. ಸುಮಾರು ಹನ್ನೆರಡು ದಿನದ ಹಾದಿ. ಆಗಸ್ಟ್ 30ಕ್ಕೆ ಸ್ಯಾನ್ ಫ್ರಾನ್ಸಿಸ್ಕೋ ಮುಟ್ಟಿದ.

ಪ್ರವಾಸ ಕಥನ ಅಂದರೆ ಬೆಟ್ಟ, ಹೊಳೆ, ಸೂರ್ಯಾಸ್ತ ಅಂದುಕೊಂಡು ತೆರೆದರೆ ಇಲ್ಲಿ ಕಾಣೋದು ಬೋಗಿಯೊಳಗಿನ ಜನ. ಮರದ ಬೆಂಚು, ಒಂದು ತುದಿಯಲ್ಲಿ ಒಲೆ, ಇನ್ನೊಂದು ತುದಿಯಲ್ಲಿ ಕಕ್ಕಸು. ಬೆಂಚು ಎಷ್ಟು ಗಿಡ್ಡ ಅಂದರೆ ಒಬ್ಬನಿಗೂ ಕಾಲು ಚಾಚೋಕೆ ಆಗೋದಿಲ್ಲ. ಅದಕ್ಕೆ ಅಯೋವಾ ರಾಜ್ಯದ ಕೌನ್ಸಿಲ್ ಬ್ಲಫ್ಸ್‌ನಲ್ಲಿ ಒಬ್ಬ ಮನುಷ್ಯ ಬಂದು ಒಂಟಿ ಗಂಡಸರನ್ನು ಜೋಡಿ ಮಾಡುತ್ತಾನೆ. ಎದುರುಬದುರು ಬೆಂಚಿನ ಮೇಲೆ ಹಾಸೋಕೆ ಒಂದು ಹಲಗೆ, ಹುಲ್ಲು ತುಂಬಿದ ಮೂರು ದಿಂಬು ಮಾರುತ್ತಾನೆ. ಮೊದಲು ಹೇಳಿದ ಬೆಲೆ ಎರಡೂವರೆ ಡಾಲರ್. ರೈಲು ಹೊರಡುವ ಹೊತ್ತಿಗೆ ಅದೇ ಒಂದೂವರೆಗೆ ಇಳಿದಿತ್ತು. ಸ್ಟೀವನ್ಸನ್ ಜೊತೆ ಮಲಗೋಕೆ ಮೊದಲು ಕೇಳಿದವನು ಒಪ್ಪಲೇ ಇಲ್ಲ! ಆಮೇಲೆ ಪೆನ್ಸಿಲ್ವೇನಿಯಾದ ಒಬ್ಬ ಸಿಕ್ಕ.

ಹುಬ್ಬಳ್ಳಿ_ಗಾರ್ಡ್:

ಓದಿದ್ದೀನಿ ಸರ್. ನಾನು ಗಾರ್ಡ್ ಆಗಿ ನಿವೃತ್ತಿ ಆದವನು (ಈಗ ಆ ಹುದ್ದೆಗೆ ಟ್ರೈನ್ ಮ್ಯಾನೇಜರ್ ಅಂತ ಹೆಸರು). ಆ ಪುಸ್ತಕವನ್ನು ರೈಲ್ವೆಯವರ ಕಣ್ಣಿಂದ ಓದಿದರೆ ಬೇರೆಯೇ ಸಂಗತಿ ಕಾಣುತ್ತದೆ.

ಹನ್ನೆರಡು ದಿನ ಯಾಕೆ ಹಿಡೀತು ಅಂತ ಕೇಳಿ. ಇಂಜಿನ್ ನಿಧಾನ ಅನ್ನೋದು ಒಂದು ಪಾಲು ಮಾತ್ರ. ಒಂಟಿ ಹಳಿಯ ಮೇಲೆ ಯಾರಿಗೆ ಮೊದಲು ದಾರಿ ಅನ್ನೋದೇ ದೊಡ್ಡ ಪ್ರಶ್ನೆ. ಎಕ್ಸ್‌ಪ್ರೆಸ್ ಬಂದರೆ ವಲಸೆಗಾರರ ಗಾಡಿ ಪಕ್ಕದ ಲೈನಿಗೆ ಹೋಗಿ ನಿಲ್ಲಬೇಕು. ನಮ್ಮಲ್ಲೂ ಪ್ಯಾಸೆಂಜರ್ ಗಾಡಿಯನ್ನು ಲೂಪಿಗೆ (ಪಕ್ಕದ ಲೈನಿಗೆ) ಹಾಕಿ ಎಕ್ಸ್‌ಪ್ರೆಸ್ ಬಿಡುತ್ತಿದ್ದೆವು. ಹೊಲದ ಮಧ್ಯೆ ಗಂಟೆಗಟ್ಟಲೆ ಕೂತ ಜನರ ಮುಖ ನಾನು ನೋಡಿದ್ದೀನಿ. ಕಡಿಮೆ ದುಡ್ಡು ಕೊಟ್ಟವರ ಹೊತ್ತಿಗೆ ಬೆಲೆ ಇಲ್ಲ ಅನ್ನೋ ಲೆಕ್ಕ ಅದು.

ನನಗೆ ಸಿಟ್ಟು ಬಂದಿದ್ದು ಇನ್ನೊಂದು ಕಡೆ. ಅಮೆರಿಕದ ರೈಲುಗಳಲ್ಲಿ ಹೊರಡುವ ಮುಂಚೆ 'ಆಲ್ ಅಬೋರ್ಡ್' (ಎಲ್ಲರೂ ಹತ್ತಿ) ಅಂತ ಕೂಗುವ ಪದ್ಧತಿ ಇತ್ತು. ವಲಸೆಗಾರರಿಗೆ ಅದನ್ನೂ ಕೂಗುತ್ತಿರಲಿಲ್ಲ. ಗಾಡಿ ಸದ್ದಿಲ್ಲದೆ ಹೊರಟುಬಿಡುತ್ತಿತ್ತು. ಊಟಕ್ಕೆ ಇಳಿದವರು ಒಂದು ಕಣ್ಣು ತಟ್ಟೆ ಮೇಲೆ, ಇನ್ನೊಂದು ಕಣ್ಣು ರೈಲಿನ ಮೇಲೆ ಇಟ್ಟೇ ತಿನ್ನಬೇಕಿತ್ತು. ಊಟಕ್ಕೆ ಎಷ್ಟು ಹೊತ್ತಿಗೆ ನಿಲ್ಲುತ್ತದೆ ಅಂತ ಒಬ್ಬ ಕಂಡಕ್ಟರನ್ನು ಸ್ಟೀವನ್ಸನ್ ಮೂರು ಸಲ ಕೇಳಿದ. ಆತ ಬಾಯಿ ಬಿಡಲಿಲ್ಲ. ಆಮೇಲೆ ಆ ಕಂಡಕ್ಟರ್ ಕೊಟ್ಟ ಕಾರಣ ನೋಡಿ: ಒಂದಕ್ಕೆ ಉತ್ತರ ಕೊಟ್ಟರೆ ಗಂಟೆ ಎಷ್ಟು, ಊರು ಯಾವಾಗ ಬರುತ್ತೆ ಅಂತ ಹತ್ತು ಪ್ರಶ್ನೆ ಹಿಂದೆ ಬರುತ್ತವಂತೆ!

ಹಸಿರು ಬಾವುಟ ಹಿಡಿದವನ ಮೊದಲ ಕೆಲಸವೇ ಕೆಳಗೆ ಇಳಿದವರು ಹತ್ತಿದರಾ ಅಂತ ನೋಡೋದು. ಜನರಿಗೆ ಹೇಳದೆ ಗಾಡಿ ಬಿಡೋದು ತಪ್ಪು. ಅದನ್ನು ಯಾವ ಕಾಲದ ನೆಪ ಹೇಳಿಯೂ ಸಮರ್ಥಿಸೋಕೆ ಆಗಲ್ಲ.

ಮಲೆನಾಡ_ಮೇಷ್ಟ್ರು:

ಒಳ್ಳೆ ಚರ್ಚೆ. ಆದರೆ ನನ್ನದೊಂದು ತಕರಾರು ಇದೆ. ಸ್ಟೀವನ್ಸನ್ ತಂದೆ ಥಾಮಸ್ ಹೆಸರಾಂತ ದೀಪಸ್ತಂಭ ಎಂಜಿನಿಯರ್. ಅನುಕೂಲಸ್ಥ ಮನೆ. ಈತ ಒಂದು ಕಾಗದ ಬರೆದಿದ್ದರೆ ದುಡ್ಡು ಬರುತ್ತಿತ್ತು. ಪಕ್ಕದ ಬೆಂಚಿನವನಿಗೆ ಹಾಗೆ ಬರೆಯೋಕೆ ಯಾರೂ ಇರಲಿಲ್ಲ. ಹಡಗಿನಲ್ಲೂ ನೋಡಿ, ಕೆಳಗಿನ ತರಗತಿಗೆ ಆರು ಗಿನಿ (ಆಗಿನ ಬ್ರಿಟಿಷ್ ಹಣದ ಲೆಕ್ಕ). ಬರೆಯೋಕೆ ಮೇಜು ಬೇಕು ಅಂತ ಈತ ಎಂಟು ಗಿನಿ ಕೊಟ್ಟು ಎರಡನೇ ಕ್ಯಾಬಿನ್ ತೆಗೆದುಕೊಂಡ. ಬಡವರ ಜೊತೆ ಕೆಲವು ದಿನ ಕಳೆದು ಬರೆಯೋದಕ್ಕೂ ಬಡವನಾಗಿ ಬದುಕೋದಕ್ಕೂ ಬಹಳ ವ್ಯತ್ಯಾಸ ಇದೆ ಅಲ್ವಾ?

ಇನ್ನೊಂದು ಕೊರತೆ. ಕೌನ್ಸಿಲ್ ಬ್ಲಫ್ಸ್‌ನಲ್ಲಿ ಪ್ರಯಾಣಿಕರನ್ನು ಮೂರಾಗಿ ವಿಂಗಡಿಸಿದರು. ಹೆಂಗಸರು, ಮಕ್ಕಳು ಒಂದು ಬೋಗಿ. ಒಂಟಿ ಗಂಡಸರು ಒಂದು. ಚೀನೀಯರು ಮತ್ತೊಂದು. ಹೆಂಗಸರ ಬೋಗಿಯೊಳಗೆ ಏನಾಗುತ್ತಿತ್ತು ಅನ್ನೋದು ನಮಗೆ ಹೆಚ್ಚು ಸಿಗೋದಿಲ್ಲ. ಅಷ್ಟು ದಿನ ಎಳೆ ಮಕ್ಕಳನ್ನು ಕಟ್ಟಿಕೊಂಡು ಆ ಹಲಗೆ ಮೇಲೆ ಮಲಗಿದ ತಾಯಂದಿರ ಪ್ರಯಾಣ ಈತನ ಪ್ರಯಾಣಕ್ಕಿಂತ ಕಷ್ಟದ್ದು. ಅದನ್ನು ಬರೆದಿಟ್ಟವರು ಯಾರು?

ಬಸವನಗುಡಿ_ಓದುಗ:

ಮೇಷ್ಟ್ರೇ, ಹೆಂಗಸರ ಬೋಗಿಯ ಬಗ್ಗೆ ನೀವು ಹೇಳಿದ್ದು ನಿಜ. ಆ ಕೊರತೆ ಇದ್ದೇ ಇದೆ. ಆದರೆ ಬಡತನದ ವಿಚಾರದಲ್ಲಿ ನನ್ನ ಮಾತು ಬೇರೆ. ತಂದೆಗೆ ಬರೆಯದೆ ಇದ್ದಿದ್ದು ಹಠದಿಂದ ಇರಬಹುದು, ಆದರೂ ಆ ದಿನಗಳ ಹಸಿವು, ಕಾಯಿಲೆ ಸುಳ್ಳಲ್ಲ. ವಯೋಮಿಂಗ್ ದಾಟುವಾಗ ಆತ ನಿಜಕ್ಕೂ ನೆಲ ಹಿಡಿದಿದ್ದ. ಕ್ಯಾಲಿಫೋರ್ನಿಯಾಗೆ ಹೋದ ಮೇಲೆ ಮಾಂಟೆರೆ ಹತ್ತಿರದ ಗುಡ್ಡದಲ್ಲಿ ಸಾಯುವ ಸ್ಥಿತಿಗೆ ಬಂದು, ಆಡು ಸಾಕುವವರ ಕೈಯಲ್ಲಿ ಉಳಿದುಕೊಂಡ.

ನನಗೆ ಇಡೀ ಬರಹದಲ್ಲಿ ಮನಸ್ಸಿಗೆ ನಾಟಿದ್ದು ಪೇಪರ್ ಮಾರುವ ಹುಡುಗನ ಪ್ರಸಂಗ. ಆ ಹುಡುಗರು ರೈಲಿನಲ್ಲೇ ಓಡಾಡಿಕೊಂಡು ಪೇಪರ್, ಹಣ್ಣು, ಸಿಗಾರ್, ಸೋಪು, ತಗಡಿನ ಬೇಸಿನ್, ಕಾಫಿ, ಸಕ್ಕರೆ ಎಲ್ಲ ಮಾರುತ್ತಿದ್ದರು. ಒಂದು ದಿನ ಕೆಟ್ಟ ಸೆಕೆ. ಬೋಗಿಯ ಬಾಗಿಲಿನ ಅಗುಳಿ ಮುರಿದಿದೆ. ಗಾಳಿ ಬರಲಿ ಅಂತ ಸ್ಟೀವನ್ಸನ್ ಕಾಲಿನಿಂದ ಬಾಗಿಲನ್ನು ತೆರೆದು ಹಿಡಿದು ಕೂತು ಓದುತ್ತಿದ್ದಾನೆ. ಹುಡುಗನ ಸಾಮಾನಿನ ಪೆಟ್ಟಿಗೆಗೆ ಹೋಗೋಕೆ ಆ ಕಾಲು ಅಡ್ಡ. ಗಮನಿಸಿದಾಗ ಈತ ಕಾಲು ತೆಗೆಯುತ್ತಾನೆ. ಗಮನಿಸದೆ ಇದ್ದಾಗ ಹುಡುಗ ಒರಟಾಗಿ ಕಾಲನ್ನು ಆಚೆ ತಳ್ಳಿ ಹೋಗುತ್ತಾನೆ. ಈತ ಕ್ಷಮೆ ಕೇಳಿದರೂ ಆ ಕಡೆಯಿಂದ ಮಾತಿಲ್ಲ. ಈತನಿಗೆ ಒಳಗೊಳಗೇ ಕುದಿಯುತ್ತಿದೆ. ಅಷ್ಟರಲ್ಲಿ ಹೆಗಲ ಮೇಲೆ ಒಂದು ಕೈ. ದೊಡ್ಡದೊಂದು ರಸ ತುಂಬಿದ ಪೇರ್ ಹಣ್ಣು ಕೈಗೆ ಬಂತು. ಅದೇ ಹುಡುಗ! ಈತನಿಗೆ ಹುಷಾರಿಲ್ಲ ಅಂತ ನೋಡಿ ಗೊತ್ತು ಮಾಡಿಕೊಂಡಿದ್ದ. ಮುಂದಿನ ದಾರಿಯುದ್ದಕ್ಕೂ ಕಾಯಿಲೆಯ ಮಗುವನ್ನು ನೋಡಿಕೊಂಡ ಹಾಗೆ ನೋಡಿಕೊಂಡ. ಮಾರೋಕೆ ಇಟ್ಟಿದ್ದ ಪೇಪರನ್ನು ಸುಮ್ನೆ ಓದೋಕೆ ಕೊಟ್ಟ, ಪಕ್ಕದಲ್ಲಿ ಬಂದು ಕೂತು ಮಾತಾಡಿಸಿದ.

ಮೇಲಿಂದ ನೋಡುವವನಿಗೆ ಇಂಥದ್ದು ಸಿಗೋದಿಲ್ಲ ಅನ್ನೋದು ನನ್ನ ನಂಬಿಕೆ. ಕೆಳಗೆ ಬಿದ್ದಾಗಲೇ ಯಾರ ಕೈ ಬರುತ್ತದೆ ಅಂತ ಗೊತ್ತಾಗೋದು.

ಸ್ಯಾಕ್ರಮೆಂಟೊ_ಕನ್ನಡತಿ:

ನಾನು ಇಲ್ಲೇ ಕ್ಯಾಲಿಫೋರ್ನಿಯಾದ ಸ್ಯಾಕ್ರಮೆಂಟೊದಲ್ಲಿರೋದು. ಸ್ಟೀವನ್ಸನ್ ನಮ್ಮೂರಿನ ಮೂಲಕವೇ ಹೋಗಿದ್ದಾನೆ. ಅದಕ್ಕೆ ಬರೆಯದೆ ಇರೋಕೆ ಆಗಲಿಲ್ಲ.

ಆ ದಾರಿಯ ದೊಡ್ಡ ಪಾಲನ್ನು ಇವತ್ತೂ ರೈಲಿನಲ್ಲಿ ನೋಡಬಹುದು. ಇಲ್ಲಿನ ಪ್ರಯಾಣಿಕರ ರೈಲು ಸಂಸ್ಥೆ ಆಮ್‌ಟ್ರ್ಯಾಕ್‌ನ ಕ್ಯಾಲಿಫೋರ್ನಿಯಾ ಜೆಫಿರ್ ರೈಲು ಷಿಕಾಗೋದಿಂದ ಹೊರಟು ಸ್ಯಾನ್ ಫ್ರಾನ್ಸಿಸ್ಕೋ ಪಕ್ಕದ ಎಮರಿವಿಲ್‌ಗೆ ಬರುತ್ತದೆ. 3,900 ಕಿಲೋಮೀಟರ್‌ಗಿಂತ ಜಾಸ್ತಿ, ಎರಡು ರಾತ್ರಿ. ಮಧ್ಯಾಹ್ನ ಷಿಕಾಗೋ ಬಿಟ್ಟರೆ ರಾತ್ರಿ ಅಯೋವಾದ ಕ್ರೆಸ್ಟನ್‌ನಲ್ಲಿ ನಿಲ್ಲುತ್ತದೆ. ಸ್ಟೀವನ್ಸನ್ ಬೋಗಿಗೆ ಒಬ್ಬ ಕುಡುಕ ಹತ್ತಿದ್ದು ಇದೇ ಊರಲ್ಲಿ. ಮುಂದಿನ ಸ್ಟೇಷನ್ನಿನಲ್ಲಿ ರೈಲು ಹೊರಡುವಾಗ ಕಂಡಕ್ಟರ್ ಅವನನ್ನು ಎತ್ತಿ ಹೊರಗೆ ಎಸೆದ. ಅವನು ಬೀಳದೆ ನಿಂತು ಪಿಸ್ತೂಲಿಗೆ ಕೈ ಹಾಕಿದ. ಕಂಡಕ್ಟರ್ ಮೆಟ್ಟಿಲ ಮೇಲೆ ಅಲುಗಾಡದೆ ನಿಂತು ಅವನನ್ನೇ ನೋಡಿದ. ಕೊನೆಗೆ ಕುಡುಕನೇ ತಿರುಗಿಕೊಂಡು ಹೋದ. ಅದನ್ನು ಓದಿದ ಮೇಲೆ ಕ್ರೆಸ್ಟನ್ ಬಂದಾಗ ನನಗೆ ನಿದ್ದೆ ಬರಲಿಲ್ಲ, ಕಿಟಕಿಗೆ ಮುಖ ಒತ್ತಿ ಕೂತಿದ್ದೆ. ಹೊರಗೆ ಒಂದೆರಡು ದೀಪ ಬಿಟ್ಟರೆ ಏನೂ ಇಲ್ಲ.

ನಮ್ಮ ನಾಡಿನಿಂದ ಬಂದವರಿಗೆ ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ಇಲ್ಲಿ ಸಾಮಾನ್ಯ ಟಿಕೆಟಿಗೆ ಮಲಗೋಕೆ ಬರ್ತ್ ಇರೋದಿಲ್ಲ. ಹಿಂದಕ್ಕೆ ಬಾಗುವ ಅಗಲವಾದ ಸೀಟು, ಕಾಲಿಗೆ ಆಸರೆ, ಅಷ್ಟೇ. ಬರ್ತ್ ಬೇಕು ಅಂದರೆ ಪುಟ್ಟ ಕೋಣೆ ತೆಗೆದುಕೊಳ್ಳಬೇಕು, ಅದು ಬಹಳ ದುಬಾರಿ. ಸ್ಲೀಪರ್ ಕ್ಲಾಸಿನಲ್ಲಿ ಬೆಳೆದ ನಮಗೆ ಇದು ವಿಚಿತ್ರ ಅನ್ನಿಸುತ್ತದೆ. ಆದರೆ ಗಾಜಿನ ಕಿಟಕಿಗಳು ಮಾಡಿನವರೆಗೂ ಬಾಗಿರುವ ಒಂದು ಬೋಗಿ ಇದೆ, ಅದಕ್ಕೆ ಯಾರು ಬೇಕಾದರೂ ಹೋಗಿ ಕೂರಬಹುದು. ನಾನು ಹೋದಾಗ ಅಲ್ಲಿ ಒಬ್ಬ ಅಜ್ಜಿ ಹೆಣಿಗೆ ಕಡ್ಡಿ ಹಿಡಿದು ಮಗುವಿಗೆ ಟೋಪಿ ಹೆಣೆಯುತ್ತಿದ್ದರು. ವಿಮಾನ ಹತ್ತೋಕೆ ವೈದ್ಯರು ಬೇಡ ಅಂದಿದ್ದರಂತೆ. ಪಕ್ಕದಲ್ಲಿ ಕೆಲಸ ಹುಡುಕಿಕೊಂಡು ನೆವಾಡಾದ ರೀನೋಗೆ ಹೊರಟ ಒಬ್ಬ ಹುಡುಗ. ಇಬ್ಬರೂ ತಮ್ಮ ಬದುಕಿನ ಕತೆ ಹೇಳಿಕೊಂಡರು. ಇಲ್ಲಿ ಕಾರಿನಲ್ಲಿ ಓಡಾಡುವಾಗ ಇಂಥ ಜನ ನಮಗೆ ಸಿಗೋದೇ ಇಲ್ಲ.

ತುಂಗಾ_ತೀರ:

ಮೇಡಂ, ಹಾಗಾದರೆ ವಯೋಮಿಂಗ್ ಕೂಡ ರೈಲಿನಲ್ಲೇ ನೋಡಬಹುದಾ? ಆತ ತುಂಬಾ ನರಳಿದ್ದು ಅಲ್ಲೇ ತಾನೇ? ಮುಂದಿನ ವರ್ಷ ಮಗನ ಮನೆಗೆ ಬರೋದಿದೆ, ಅದಕ್ಕೆ ಕೇಳಿದೆ.

ಸ್ಯಾಕ್ರಮೆಂಟೊ_ಕನ್ನಡತಿ:

ಇಲ್ಲ, ಅದೇ ಬೇಜಾರು. 1997ರಿಂದ ವಯೋಮಿಂಗ್ ರಾಜ್ಯದಲ್ಲಿ ಪ್ರಯಾಣಿಕರ ರೈಲೇ ಓಡೋದಿಲ್ಲ. ಹಳಿ ಇದೆ, ಅದರ ಮೇಲೆ ಗೂಡ್ಸ್ ಗಾಡಿ ಹಗಲೂ ರಾತ್ರಿ ಹೋಗುತ್ತದೆ. ಜೆಫಿರ್ ಒಮಾಹಾ ದಾಟಿದ ಮೇಲೆ ಡೆನ್ವರ್ ಕಡೆ ತಿರುಗಿ ಕೊಲೊರಾಡೋ ಬೆಟ್ಟಗಳಲ್ಲಿ ನುಗ್ಗುತ್ತದೆ. ನೋಡೋಕೆ ಅದು ಸ್ವರ್ಗ, ಆದರೆ ಸ್ಟೀವನ್ಸನ್ ಹೋದ ದಾರಿ ಅಲ್ಲ. ಆತನ ವಯೋಮಿಂಗ್ ನೋಡಬೇಕು ಅಂದರೆ ಮಗನ ಕಾರಿನಲ್ಲಿ 80ನೇ ಹೆದ್ದಾರಿ ಹಿಡಿಯಿರಿ. ಮರವಿಲ್ಲ, ಹಸಿರಿಲ್ಲ, ಬೂದು ಬಣ್ಣದ ಕುರುಚಲು ಗಿಡ, ಗಾಳಿ. ಆತ ಬರೆದ ಹಾಗೇ ಇದೆ.

ನೆವಾಡಾ ಕೊನೆಯಾಗಿ ಸಿಯೆರಾ ಬೆಟ್ಟ ಹತ್ತುವಾಗ ಮತ್ತೆ ಹಳೆಯ ದಾರಿಯ ಹತ್ತಿರ ಬರುತ್ತೇವೆ. ಆತ ಇಲ್ಲಿ ಬೆಳಗಿನ ಜಾವ ಎದ್ದು ಪೈನ್ ಕಾಡು, ನೊರೆ ಉಕ್ಕುವ ಹೊಳೆ ನೋಡಿ ಮನೆಗೆ ಬಂದಷ್ಟು ಖುಷಿಪಟ್ಟ. ಅಷ್ಟು ದಿನದ ಬಯಲಿನ ನಂತರ ಅದು ಹೇಗಿರುತ್ತದೆ ಅಂತ ಆ ತಿರುವಿನಲ್ಲಿ ಕೂತವರಿಗೇ ಗೊತ್ತು.

ಹುಬ್ಬಳ್ಳಿ_ಗಾರ್ಡ್:

ಮೇಡಂ ಹೇಳಿದ ಗೂಡ್ಸ್ ವಿಷಯಕ್ಕೆ ಒಂದು ಮಾತು. ಆಮ್‌ಟ್ರ್ಯಾಕ್ 1971ರಲ್ಲಿ ಶುರುವಾದಾಗ ಅದಕ್ಕೆ ಬಂದಿದ್ದು ಪ್ರಯಾಣಿಕರ ಗಾಡಿಗಳು. ದೂರದ ಹಳಿಗಳಲ್ಲಿ ಹೆಚ್ಚಿನವು ಇವತ್ತಿಗೂ ಗೂಡ್ಸ್ ಕಂಪನಿಗಳ ಕೈಯಲ್ಲೇ ಇವೆ. ಪ್ರಯಾಣಿಕರ ಗಾಡಿಗೆ ಮೊದಲು ದಾರಿ ಬಿಡಬೇಕು ಅಂತ ಕಾನೂನು ಇದೆ. ಆದರೂ ಮೈಲಿಗಟ್ಟಲೆ ಉದ್ದದ ಗೂಡ್ಸ್ ಪಕ್ಕದ ಲೈನಿನಲ್ಲಿ ಹಿಡಿಸದೆ ಹೋದರೆ, ಪಕ್ಕಕ್ಕೆ ಸರಿದು ಕಾಯಬೇಕಾದವರು ಪ್ರಯಾಣಿಕರೇ. ನಮ್ಮಲ್ಲಿ ಹಳಿಯೂ ಗಾಡಿಯೂ ಒಂದೇ ಕೈಯಲ್ಲಿರೋದರ ಬೆಲೆ ಇದನ್ನು ಓದಿದಾಗ ಗೊತ್ತಾಗುತ್ತದೆ. ಮಗನ ಮನೆಗೆ ಹೋಗುವವರು ಅದೇ ದಿನ ಬೇರೆ ರೈಲು, ವಿಮಾನ ಹಿಡಿಯೋ ಹಾಗೆ ಟಿಕೆಟ್ ಮಾಡಿಸಬೇಡಿ.

ಮಲೆನಾಡ_ಮೇಷ್ಟ್ರು:

ಸಿಯೆರಾ ಬೆಟ್ಟದ ಮಾತು ಬಂತಲ್ಲ, ಆ ಹಳಿ ಹಾಕಿದವರನ್ನು ಬಿಟ್ಟು ಮುಂದೆ ಹೋಗಬಾರದು. ಸೆಂಟ್ರಲ್ ಪೆಸಿಫಿಕ್ ಕಂಪನಿಗೆ ಅಲ್ಲಿ ದುಡಿದವರಲ್ಲಿ ಬಹುಪಾಲು ಚೀನೀಯರು, ಸಾವಿರಾರು ಜನ. ಡಾನರ್ ಕಣಿವೆಯ ಸುರಂಗ ಸುಮಾರು 500 ಮೀಟರ್ ಉದ್ದ, ಗಟ್ಟಿ ಗ್ರಾನೈಟ್. ಕೈಯಲ್ಲಿ ತೂತು ಕೊರೆದು ಸಿಡಿಮದ್ದು ತುಂಬಿ ಒಡೆದರು. ಎರಡು ತುದಿಯಿಂದ ಕೊರೆದರೆ ಸಾಲದು ಅಂತ ನಡುವೆ ಮೇಲಿನಿಂದ ಬಾವಿ ತೋಡಿ ಒಳಗಿನಿಂದಲೂ ಎರಡು ಕಡೆಗೆ ಕೊರೆದರು. 1867ರ ಜೂನ್‌ನಲ್ಲಿ ಬಿಳಿಯರಷ್ಟೇ ಸಂಬಳ ಕೊಡಿ ಅಂತ ಮುಷ್ಕರ ಹೂಡಿದರು. ಕಂಪನಿಯವರು ಊಟದ ಸಾಮಾನು ಬರೋದನ್ನೇ ನಿಲ್ಲಿಸಿ ಮುಷ್ಕರ ಮುರಿದರು. 1869ರ ಮೇ 10ಕ್ಕೆ ಯೂಟಾದ ಪ್ರಾಮಂಟರಿಯಲ್ಲಿ ಎರಡೂ ಕಡೆಯ ಹಳಿ ಕೂಡಿತು.

ಅದಾಗಿ ಹತ್ತೇ ವರ್ಷಕ್ಕೆ ಸ್ಟೀವನ್ಸನ್ ಹೋಗುತ್ತಾನೆ. ಹಳಿ ಹಾಕಿದವರ ಜನರನ್ನೇ ಪ್ರತ್ಯೇಕ ಬೋಗಿಗೆ ಹಾಕಿದ್ದಾರೆ! ಬಿಳಿಯರು ಚೀನೀಯರ ಬೋಗಿ ನಾರುತ್ತದೆ ಅಂತ ಮೂಗು ಮುಚ್ಚಿಕೊಳ್ಳುತ್ತಿದ್ದರು. ಮೂರು ಬೋಗಿಗಳಲ್ಲಿ ಗಾಳಿ ಚೆನ್ನಾಗಿದ್ದಿದ್ದು ಅಲ್ಲೇ ಅಂತ ಸ್ಟೀವನ್ಸನ್ ನೇರವಾಗಿ ಬರೆದ. ತಮ್ಮ ಬೋಗಿಯವರು ದಿನಕ್ಕೆ ಅರ್ಧ ನಿಮಿಷ ಮುಖಕ್ಕೆ ನೀರು ಹಾಕಿಕೊಂಡರೆ ಚೀನೀಯರು ನೀರು ಸಿಕ್ಕಲ್ಲೆಲ್ಲ ಕಾಲು ತೊಳೆದುಕೊಳ್ಳುತ್ತಿದ್ದರು ಅಂತಲೂ ಬರೆದ. ಕಡಿಮೆ ಕೂಲಿಗೆ ಚೆನ್ನಾಗಿ ದುಡಿಯುತ್ತಾರೆ ಅನ್ನೋ ಹೊಟ್ಟೆಕಿಚ್ಚೇ ಈ ದ್ವೇಷದ ಬೇರು ಅಂತಲೂ ಗುರುತಿಸಿದ. ಸ್ಟೇಷನ್ನಿನಲ್ಲಿ ನಿಂತ ಮೂಲನಿವಾಸಿ ಕುಟುಂಬವನ್ನು ಸಹಪ್ರಯಾಣಿಕರು ಕುಣಿದು ಅಣಕಿಸಿದಾಗ ತನಗೆ ನಾಚಿಕೆಯಾಯಿತು ಅನ್ನುತ್ತಾನೆ.

ಈ ಬರಹ ಪತ್ರಿಕೆಯಲ್ಲಿ ಬಂದಿದ್ದು 1883ರಲ್ಲಿ. ಅದಕ್ಕೂ ಒಂದು ವರ್ಷ ಮುಂಚೆ ಅಮೆರಿಕ ಚೀನೀ ಕಾರ್ಮಿಕರು ದೇಶಕ್ಕೆ ಬರೋದನ್ನೇ ಕಾನೂನು ಮಾಡಿ ನಿಲ್ಲಿಸಿತ್ತು. ಆ ಕಾನೂನು ಹೋಗಿದ್ದು 1943ರಲ್ಲಿ. ಆತನ ಬಡತನದ ಬಗ್ಗೆ ನನ್ನ ತಕರಾರು ಹಾಗೇ ಇದೆ. ಆದರೆ ಈ ಪುಟಗಳಿಗೆ ನಾನು ತಲೆಬಾಗುತ್ತೇನೆ. ಎಲ್ಲರೂ ಒಂದು ದಿಕ್ಕಿಗೆ ಕೂಗುತ್ತಿದ್ದಾಗ ಅದೇ ಬೋಗಿಯಲ್ಲಿ ಕೂತು ಇದು ತಪ್ಪು ಅಂದವನು ಆತ.

ಗಾಂಧಿಬಜಾರ್_ಸಂಜೆ:

ವಿಂಗಡಿಸೋದು ಅದಕ್ಕೂ ಹಿಂದಿನದು. 1842ರಲ್ಲಿ ಇಂಗ್ಲಿಷ್ ಕಾದಂಬರಿಕಾರ ಡಿಕನ್ಸ್ ಬಾಸ್ಟನ್ನಿನಲ್ಲಿ ರೈಲು ಹತ್ತಿದಾಗ ಇಂಗ್ಲೆಂಡಿನ ಹಾಗೆ ಮೊದಲ ದರ್ಜೆ, ಎರಡನೇ ದರ್ಜೆ ಇಲ್ಲ ಅಂತ ಬರೆದ. ಅದರ ಬದಲು ಹೆಂಗಸರಿಗೆ ಒಂದು, ಗಂಡಸರಿಗೆ ಒಂದು, ಕರಿಯರಿಗೆ ಬೇರೆಯೇ ಒಂದು ಬೋಗಿ. ಹೊರಗಿನಿಂದ ಬಂದ ಬರಹಗಾರರ ಕಣ್ಣಿಗೆ ಇದು ಮೊದಲು ಬೀಳುತ್ತದೆ, ನೋಡಿ.

ನಮ್ಮವರೊಬ್ಬರ ಪ್ರಯಾಣವೂ ಇಲ್ಲಿ ನೆನಪಾಗುತ್ತದೆ. ವಿವೇಕಾನಂದರು 1893ರ ಜುಲೈನಲ್ಲಿ ವ್ಯಾಂಕೂವರ್‌ನಲ್ಲಿ ಇಳಿದು ರೈಲಿನಲ್ಲೇ ಷಿಕಾಗೋಗೆ ಹೋದರು. ಸರ್ವಧರ್ಮ ಸಮ್ಮೇಳನ ಸೆಪ್ಟೆಂಬರ್‌ನಲ್ಲಿ. ಅಷ್ಟು ದಿನ ಷಿಕಾಗೋದಲ್ಲಿ ಇರೋಕೆ ಖರ್ಚು ಜಾಸ್ತಿ ಅಂತ ಬಾಸ್ಟನ್ ಕಡೆ ಹೊರಟರು. ರೈಲಿನಲ್ಲಿ ಆಕಸ್ಮಿಕವಾಗಿ ಪರಿಚಯವಾದ ಹಿರಿಯ ಹೆಂಗಸೊಬ್ಬರು ತಮ್ಮ ಮನೆಗೆ ಕರೆದರು. ಅವರು ಕೇಟ್ ಸ್ಯಾನ್‌ಬೋರ್ನ್, ತಾವೂ ಲೇಖಕಿ. ಅಲ್ಲಿಂದಲೇ ಹಾರ್ವರ್ಡ್‌ನ ಪ್ರೊಫೆಸರ್ ರೈಟ್ ಅವರ ಪರಿಚಯವಾಗಿ ಸಮ್ಮೇಳನಕ್ಕೆ ದಾರಿ ಸಿಕ್ಕಿತು. ಎದುರು ಸೀಟಿನವರು ಮಾತಾಡಿಸದೆ ಇದ್ದಿದ್ದರೆ ಏನಾಗುತ್ತಿತ್ತೋ.

ಬಸವನಗುಡಿ_ಓದುಗ:

ಎಷ್ಟು ಒಳ್ಳೆಯ ನೆನಪು ತೆಗೆದಿರಿ! ಓದದೆ ಇರುವವರಿಗೆ ಇನ್ನೊಂದು ವಿಷಯ. ಈ ಬರಹ ಸುಲಭವಾಗಿ ಹೊರಬರಲಿಲ್ಲ. ಹಡಗಿನ ಭಾಗ, ರೈಲಿನ ಭಾಗ ಸೇರಿ ಒಂದೇ ಪುಸ್ತಕ ಆಗಬೇಕಿತ್ತು, ಅಚ್ಚಿಗೂ ಹೋಗಿತ್ತು. ಮಗ ಇಂಥ ಜನರ ಜೊತೆ ಹೋದ ಕತೆ ಪ್ರಕಟವಾಗೋದು ತಂದೆಗೆ ಇಷ್ಟವಾಗಲಿಲ್ಲ. ದುಡ್ಡು ಕೊಟ್ಟು ಹಿಂದಕ್ಕೆ ತೆಗೆಸಿದರು. ರೈಲಿನ ಭಾಗ ಪುಸ್ತಕವಾಗಿದ್ದು 1892ರಲ್ಲಿ. ಹಡಗಿನ ಭಾಗ 1895ರಲ್ಲಿ, ಅಷ್ಟರಲ್ಲಿ ಆತ ಪೆಸಿಫಿಕ್ ಸಾಗರದ ಸಮೋವಾ ದ್ವೀಪದಲ್ಲಿ ತೀರಿಕೊಂಡಿದ್ದ. ಫ್ಯಾನಿಯನ್ನು ಮದುವೆಯಾಗಿದ್ದು 1880ರ ಮೇನಲ್ಲಿ, ಸ್ಯಾನ್ ಫ್ರಾನ್ಸಿಸ್ಕೋದಲ್ಲೇ.

ಮತ್ತೆ ಎದುರಿನಿಂದ ಬರುವ ರೈಲುಗಳ ಮಾತನ್ನು ಯಾರೂ ತೆಗೆಯಲಿಲ್ಲ. 1873ರಲ್ಲಿ ಬ್ಯಾಂಕುಗಳು ಬಿದ್ದ ಮೇಲೆ ಅಮೆರಿಕದಲ್ಲಿ ವರ್ಷಗಟ್ಟಲೆ ಕೆಲಸ ಇರಲಿಲ್ಲ. ಪಶ್ಚಿಮಕ್ಕೆ ಹೋದರೆ ಬದುಕು ಸಿಗುತ್ತದೆ ಅಂತ ಜನ ಹೊರಟಿದ್ದರು. ದಾರಿಯಲ್ಲಿ ಪೂರ್ವಕ್ಕೆ ಹೋಗುವ ವಲಸೆಗಾರರ ಗಾಡಿಗಳು ಎದುರಾಗುತ್ತವೆ, ಅವೂ ಇಷ್ಟೇ ತುಂಬಿವೆ. ಆ ಜನ ಕಿಟಕಿಯಿಂದ ಇವರಿಗೆ 'ವಾಪಸ್ ಬನ್ನಿ, ವಾಪಸ್ ಬನ್ನಿ' ಅಂತ ಗೋಳಿಟ್ಟು ಕೂಗುತ್ತಾರೆ. ಆದರೂ ಈ ಗಾಡಿಯಿಂದ ಯಾರೂ ಇಳಿಯೋದಿಲ್ಲ. ಹಿಂದೆ ಬಿಟ್ಟು ಬಂದಿದ್ದೂ ಹಸಿವೇ. ಇಷ್ಟು ಕಡಿಮೆ ಮಾತಲ್ಲಿ ಇಷ್ಟು ದೊಡ್ಡ ದುಃಖ ಹೇಳಿದವರು ಕಡಿಮೆ.

ತುಂಗಾ_ತೀರ:

ಎಲ್ಲರಿಗೂ ಧನ್ಯವಾದ. ಮೊದಲು ಪುಸ್ತಕ ಓದುತ್ತೇನೆ, ಆಮೇಲೆ ಟಿಕೆಟ್. ನಮ್ಮ ಮನೆಯವರಿಗೆ ಮಂಡಿ ನೋವು. ಸೀಟಿನಲ್ಲಿ ಎರಡು ರಾತ್ರಿ ಕೂರೋಕೆ ಆಗುತ್ತಾ ಮೇಡಂ?

ಸ್ಯಾಕ್ರಮೆಂಟೊ_ಕನ್ನಡತಿ:

ಪೂರ್ತಿ ದಾರಿ ಬೇಡ ಸರ್. ರೀನೋದಿಂದ ಸ್ಯಾಕ್ರಮೆಂಟೊವರೆಗೆ ಮಾತ್ರ ಬನ್ನಿ. ಬೆಳಿಗ್ಗೆ ಹತ್ತಿದರೆ ಮಧ್ಯಾಹ್ನ ಇಳಿಯಬಹುದು, ಸಿಯೆರಾ ಪೂರ್ತಿ ಹಗಲಲ್ಲೇ ಸಿಗುತ್ತದೆ. ಬೋಗಿ ಎರಡು ಅಂತಸ್ತಿನದು. ಟಿಕೆಟ್ ಮಾಡಿಸುವಾಗ ಕೆಳಗಿನ ಅಂತಸ್ತಿನ ಸೀಟು ಕೇಳಿ, ಮೆಟ್ಟಿಲು ಹತ್ತೋದು ತಪ್ಪುತ್ತದೆ. ಇಲ್ಲಿ ಸ್ಟೇಷನ್ ಹತ್ತಿರವೇ ರೈಲ್ವೆ ಮ್ಯೂಸಿಯಂ ಇದೆ, ಹಳಿ ಹಾಕಿದ ಚೀನೀಯರ ಬಗ್ಗೆಯೂ ಅಲ್ಲಿ ನೋಡಬಹುದು. ದಿನಾಂಕ ಗೊತ್ತಾದ ಮೇಲೆ ಇಲ್ಲೇ ಬರೆಯಿರಿ. ನಾನು ಸ್ಟೇಷನ್ನಿಗೆ ಬರುತ್ತೇನೆ, ಊಟ ನಮ್ಮ ಮನೆಯಲ್ಲಿ.